ಗಿರಣಿ ಮನೆಯ ಎಣಿಕೆ

ಇದನ್ನು ಹೇಳಲು ಹೊರಟಿರುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಟೌನ್ ಬಸ್ಸಿನ ಕಂಡಕ್ಟರ್. ಹೈಸ್ಕೂಲು ಬಿಟ್ಟ ಮೇಲೆ ಓದಿದ್ದೆಲ್ಲ ಸಂಜೆ ಕಾಲೇಜಿನಲ್ಲಿ, ಡ್ಯೂಟಿ ಮುಗಿಸಿ, ಯೂನಿಫಾರಂ ಮೇಲೊಂದು ದುಪ್ಪಟ್ಟಾ ಹೊದ್ದು. ಕಥೆ ಹೇಳುವುದನ್ನು ಯಾರೂ ನನಗೆ ಕಲಿಸಿಲ್ಲ. ಕಲಿಸಿದ್ದು ಸಮಾಜಶಾಸ್ತ್ರ, ಅದರಲ್ಲೂ ಒಂದು ಪೇಪರು ಫೇಲಾಗಿ ಮತ್ತೆ ಕಟ್ಟಿದವಳು ನಾನು. ಜೊತೆಗೆ ಇದು ಪೂರ್ತಿ ನನ್ನ ಕಥೆಯೂ ಅಲ್ಲ, ಗಿರಣಿ ಮನೆಯವರದು. ಅವರಲ್ಲಿ ಒಬ್ಬರಿಗಾದರೂ ಇದನ್ನು ಓದಿ ಬೇಸರವಾಗುತ್ತದೆ. ಯಾರಿಗೆ ಎಂದು ತೀರ್ಮಾನಿಸಲಾಗದೆ ಇಷ್ಟು ದಿನ ಸುಮ್ಮನಿದ್ದೆ. ಈಗಲೂ ತೀರ್ಮಾನವಾಗಿಲ್ಲ.

ನಮ್ಮ ಊರಿನಲ್ಲಿ ಜನರನ್ನು ಎಣಿಸಿದರೆ ಒಂದು ತಲೆ ಹೆಚ್ಚು ಬರುತ್ತದೆ. ಮನೆಯಲ್ಲಿ ಮೂವರಿದ್ದರೆ ಎಣಿಕೆಗೆ ನಾಲ್ಕು. ಒಬ್ಬೊಬ್ಬರ ಮುಖ ನೋಡಿ ಹೆಸರು ಹೇಳುತ್ತಾ ಹೋದರೆ ಮೂರೇ ಮುಖ, ಮೂರೇ ಹೆಸರು. ಬೆರಳು ಮಡಚಿದರೆ ಮಾತ್ರ ನಾಲ್ಕು. ಶಾಲೆಯ ಗ್ರೂಪ್ ಫೋಟೋದಲ್ಲೂ ಹೀಗೆಯೇ. ಕೆಳಗೆ ಬರೆದ ಹೆಸರುಗಳಲ್ಲಿ ಯಾರೂ ಬಿಟ್ಟುಹೋಗಿರುವುದಿಲ್ಲ, ಮೇಲೆ ತಲೆ ಒಂದು ಹೆಚ್ಚಿರುತ್ತದೆ. ಒಬ್ಬರೇ ಇರುವ ಮನೆಯಲ್ಲಿ ಎಣಿಸಿದರೆ ಎರಡು. ಒಂಟಿ ಮುದುಕಿಯರು ಆ ಧೈರ್ಯದ ಮೇಲೆಯೇ ಬಾಗಿಲು ಹಾಕಿಕೊಂಡು ನಿದ್ದೆ ಮಾಡುತ್ತಾರೆ. ಆ ಒಂದು ತಲೆಯನ್ನು ನಾವು ‘ಹೆಚ್ಚಿನವರು’ ಎನ್ನುತ್ತೇವೆ. ಎಲ್ಲರ ಮನೆಯಲ್ಲೂ ಊಟಕ್ಕೆ ಅವರಿಗೊಂದು ತಟ್ಟೆ ಇಡುತ್ತಾರೆ, ಎಲ್ಲರ ಊಟ ಮುಗಿದ ಮೇಲೆ ಅದನ್ನು ಹಸುವಿಗೋ ನಾಯಿಗೋ ಹಾಕುತ್ತಾರೆ. ಶಾಲೆ, ಆಸ್ಪತ್ರೆ, ರೇಷನ್ ಅಂಗಡಿ, ಎಲ್ಲ ಕಡೆಯೂ ಎಣಿಸಿ ಒಂದು ಕಳೆದೇ ಬರೆಯುವುದು. ನನ್ನ ಬಸ್ಸಿನಲ್ಲಿ ಹರಿದ ಟಿಕೆಟ್ಟಿಗಿಂತ ತಲೆ ಒಂದು ಹೆಚ್ಚಿದ್ದರೆ ಲೆಕ್ಕ ಸರಿ ಇದೆ ಎಂದರ್ಥ. ಹೊಸದಾಗಿ ವರ್ಗವಾಗಿ ಬಂದ ತನಿಖಾಧಿಕಾರಿಗಳು ಮೊದಲ ದಿನ ಕೂಗಾಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಅವರೂ ಒಂದು ಕಳೆಯಲು ಕಲಿತಿರುತ್ತಾರೆ.

ಹೆಚ್ಚಿನವರು ಇಲ್ಲದ ಮನೆಯೂ ಇರಬಹುದು ಎಂಬ ಭಯ ಮಾತ್ರ ಎಲ್ಲರಿಗೂ ಇದೆ. ಅಂಥ ಮನೆಗೆ ಹೆಣ್ಣು ಕೊಡುವುದಿಲ್ಲ, ಅಲ್ಲಿಂದ ತರುವುದೂ ಇಲ್ಲ. ಅದಕ್ಕೇ ನಿಶ್ಚಿತಾರ್ಥಕ್ಕೆ ಮುಂಚೆ ಎಣಿಕೆ ಶಾಸ್ತ್ರ ಎಂದು ಮಾಡುತ್ತಾರೆ. ಹೆಣ್ಣಿನ ಮನೆಯವರು ನಡುಮನೆಯಲ್ಲಿ ಸಾಲಾಗಿ ಕೂರುತ್ತಾರೆ. ಗಂಡಿನ ಕಡೆಯ ಹಿರಿಯರೊಬ್ಬರು ಹೊಸಿಲಾಚೆ ನಿಂತು, ತಲೆಗೊಂದರಂತೆ ತಟ್ಟೆಗೆ ಅಡಿಕೆ ಹಾಕುತ್ತಾರೆ. ಎಣಿಸುವವರು ಅವರೊಬ್ಬರೇ. ಉಳಿದವರು ಹೊರಗೆ ನಿಂತು ನೆಲ ನೋಡಬೇಕು.

ನಾನು ಓದುತ್ತಿದ್ದದ್ದು ಎಂ.ಎ. ಸಮಾಜಶಾಸ್ತ್ರ. ತರಗತಿ ನಡೆಯುತ್ತಿದ್ದದ್ದು ಹೆಣ್ಣುಮಕ್ಕಳ ಹೈಸ್ಕೂಲಿನ ಕಟ್ಟಡದಲ್ಲಿ. ಬೆಂಚುಗಳು ಎಷ್ಟು ಚಿಕ್ಕವೆಂದರೆ, ನಮ್ಮ ಜೊತೆ ಓದುತ್ತಿದ್ದ ತಾಲ್ಲೂಕು ಕಚೇರಿಯ ಗುಮಾಸ್ತ ರುದ್ರಮುನಿ ಕೂತರೆ ಅವರ ಮಂಡಿ ಡೆಸ್ಕಿಗೆ ತಗುಲಿ ನಮ್ಮ ಪೆನ್ನುಗಳೆಲ್ಲ ಉರುಳುತ್ತಿದ್ದವು. ಕೊನೆಯ ಸೆಮಿಸ್ಟರಿನಲ್ಲಿ ಒಂದು ಬೀದಿಯ ಮನೆಮನೆಗೂ ಹೋಗಿ ಕುಟುಂಬಗಳ ಸಮೀಕ್ಷೆ ಮಾಡಿ ವರದಿ ಒಪ್ಪಿಸಬೇಕಿತ್ತು. ವಿಶ್ವವಿದ್ಯಾಲಯದಿಂದ ಪರೀಕ್ಷಕರು ಬಂದು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಹಿಂದಿನ ಸಲ ಅದೇ ಪೇಪರಿನಲ್ಲಿ ನಾನು ಬಿದ್ದಿದ್ದೆ. ಈ ಸಲವೂ ಹೋದರೆ ಅವಧಿ ಮುಗಿಯುತ್ತಿತ್ತು. ಪಾಸಾದ ಪೇಪರುಗಳನ್ನೂ ಬಿಟ್ಟು ಮತ್ತೆ ಮೊದಲಿಂದ ಸೇರಬೇಕಿತ್ತು. ಅಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ನಮ್ಮ ಮೇಷ್ಟ್ರು ಲೋಬೋ ಸರ್ ಕರಾವಳಿಯ ಕಡೆಯವರು. ಅವರು ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ‘ಸ್ಥಳೀಯ ತಿದ್ದುಪಡಿ’ ಎಂದು ಬರೆದು ಹೇಳಿದ್ದರು. “ಎಣಿಸಿ, ಒಂದು ಕಳೆಯಿರಿ, ಬರೆಯಿರಿ. ಹೊರಗಿನ ಪರೀಕ್ಷಕರಿಗೆ ಹೆಚ್ಚಿನವರ ಪುರಾಣ ಹೇಳಲಿಕ್ಕೆ ಹೋಗಬೇಡಿ. ನಾನು ಒಮ್ಮೆ ಹೇಳಿ ನೋಡಿದ್ದೇನೆ, ಅವರು ನನ್ನ ಆರೋಗ್ಯ ವಿಚಾರಿಸಿದರು.”

ಗಿರಣಿ ಮನೆ ಎಂದರೆ ಚನ್ನವೀರಪ್ಪನವರ ಮನೆ. ಮುಂದೆ ಹಿಟ್ಟಿನ ಗಿರಣಿ, ಹಿಂದೆ ವಾಸ. ನಾನು ಹೋದಾಗ ಗಿರಣಿ ನಿಲ್ಲಿಸಿ ಗಂಡ ಹೆಂಡತಿ ಇಬ್ಬರೂ ನಡುಮನೆಯಲ್ಲಿ ಕೂತಿದ್ದರು. ಚನ್ನವೀರಪ್ಪನವರ ರೆಪ್ಪೆಯ ಮೇಲೂ ಹಿಟ್ಟು.

“ಬಾರಮ್ಮ ಕಂಡಕ್ಟ್ರಮ್ಮ, ಇವತ್ತೇನು ಬಸ್ಸು ನಮ್ಮನೆಗೇ ತಂದ್ಬಿಟ್ಯಾ?” ಎಂದರು ಅವರ ಹೆಂಡತಿ ಶಿವನಂಜಮ್ಮ.

“ಹುಷಾರು ಕಣೇ, ಕೂತ್ಕೊಂಡಿರೋ ಚಾಪೆಗೂ ಟಿಕೆಟ್ ಹರೀತಾಳೆ,” ಎಂದರು ಚನ್ನವೀರಪ್ಪ.

ಅವರ ಮಗಳು ಪಲ್ಲವಿ ಒಳಗಿಂದ ನಗುತ್ತಾ ಬಂದು ಕೂತಳು. ಅವಳಿಗೆ ಗಂಡು ಗೊತ್ತಾಗಿತ್ತು, ಗಂಡು ನಮ್ಮ ರುದ್ರಮುನಿಯ ಅಕ್ಕನ ಮಗ. ನಾನು ಅಭ್ಯಾಸದಂತೆ ಒಮ್ಮೆ ಕಣ್ಣು ಹಾಯಿಸಿ ಎಣಿಸಿದೆ. ನಾಲ್ಕು. ಒಂದು ಕಳೆದು ಮೂರು ಎಂದು ಬರೆದೆ. ಹೆಸರು, ವಯಸ್ಸು, ಓದು ಕೇಳಿದೆ. ಚನ್ನವೀರಪ್ಪ, ಶಿವನಂಜಮ್ಮ, ಪಲ್ಲವಿ. ಎಲ್ಲ ಸರಿಹೋಯಿತು. ಪೆನ್ನಿಗೆ ಮುಚ್ಚಳ ಹಾಕುವಾಗ ಯಾರೋ ನನ್ನ ಮುಂದೆ ಮಜ್ಜಿಗೆಯ ಲೋಟ ಹಿಡಿದರು.

ತಲೆಯೆತ್ತಿದೆ. ಐವತ್ತರ ಆಸುಪಾಸಿನ ಹೆಂಗಸು. ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವರು ಅವರೇ. ಎಣಿಸುವಾಗ ಅವರನ್ನೂ ಎಣಿಸಿದ್ದೆ.

“ಇವರು?” ಎಂದೆ.

“ಅದಾ, ನಮ್ಮನೆ ಹೆಚ್ಚಿನವರು ಕಣಮ್ಮ,” ಎಂದರು ಶಿವನಂಜಮ್ಮ. ಉಪ್ಪಿನ ಭರಣಿ ಎಲ್ಲಿದೆ ಎಂದು ಹೇಳುವ ಹಾಗೆ. ಚನ್ನವೀರಪ್ಪ ತೋಳಿನ ಹಿಟ್ಟು ಕೊಡವಿಕೊಂಡರು. ಪಲ್ಲವಿ ಚಾಪೆಯ ಅಂಚು ಕೀಳುತ್ತಿದ್ದಳು.

ಹೆಚ್ಚಿನವರನ್ನು ಬೊಟ್ಟು ಮಾಡಿ ತೋರಿಸಿದ್ದನ್ನು ನಾನು ಅದುವರೆಗೂ ಕಂಡಿರಲಿಲ್ಲ. ಮಜ್ಜಿಗೆಗೆ ಕರಿಬೇವು ಹಾಕಿತ್ತು. ಕುಡಿದು ಲೋಟ ಕೊಟ್ಟು ಹೊರಗೆ ಬಂದೆ.

ಗೇಟಿನ ಹತ್ತಿರ ಆ ಹೆಂಗಸು ಪೊರಕೆ ಹಿಡಿದು ಬಂದರು. ಮೆಟ್ಟಿಲ ಮೇಲಿನ ಹಿಟ್ಟು ಗುಡಿಸುತ್ತಲೇ ಕೇಳಿದರು, “ಎಷ್ಟು ಬರ್ಕೊಂಡ್ಯಮ್ಮ?”

“ಮೂರು.”

“ಎಣಿಸ್ದಾಗ?”

“ನಾಲ್ಕು.”

“ಸರಿ. ನನ್ ಹೆಸ್ರು ಹೊನ್ನಮ್ಮ. ಬರ್ಕೋ ಅಂತ ಹೇಳ್ತಿಲ್ಲ. ಕೇಳಿಸ್ಕೊಂಡಿರು.”

ನನ್ನ ನೆಮ್ಮದಿ ಹೋದದ್ದು ಆವತ್ತೇ. ‘ಅಂಚಿಗೆ ತಳ್ಳುವಿಕೆ’ ಎಂಬುದಕ್ಕೆ ಐದು ಅಂಕದ ಉತ್ತರ ನನಗೆ ಬಾಯಿಪಾಠ. ಕುಟುಂಬದ ವ್ಯಾಖ್ಯೆ ಕೇಳಿದರೂ ಹೇಳುತ್ತೇನೆ. ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರು. ಗಿರಣಿ ಮನೆಯ ಒಲೆ ಹಚ್ಚುತ್ತಿದ್ದದ್ದೇ ಹೊನ್ನಮ್ಮನವರು. ಹಾಗಾದರೆ ಅವರನ್ನು ಬರೆಯಬೇಕು. ಬರೆದರೆ ಆ ಮನೆಯಲ್ಲಿ ಹೆಸರು ನಾಲ್ಕು, ಎಣಿಕೆ ನಾಲ್ಕು. ಅಂದರೆ ಆ ಮನೆಗೆ ಹೆಚ್ಚಿನವರು ಇಲ್ಲ ಎಂದು ನಾನೇ ಕೈಯಾರೆ ಸಾರಿದಂತೆ. ವರದಿಯನ್ನು ರುದ್ರಮುನಿಯ ಎದುರೇ ಓದಬೇಕು, ಪಲ್ಲವಿಯ ಮದುವೆ ಅಲ್ಲಿಗೆ ಮುಗಿಯಿತು. ಬರೆಯದೆ ಬಿಟ್ಟರೆ, ಹೆಸರು ಹೇಳಿದ ಒಬ್ಬ ಹೆಂಗಸನ್ನು ನಾನೂ ಕಳೆದುಹಾಕಿದಂತೆ. ನಾನೇ ತಪ್ಪು ನೋಡಿರಬಹುದೇ? ಅವರು ನಿಜಕ್ಕೂ ಹೆಚ್ಚಿನವರೇ ಇದ್ದರೆ? ಹೆಚ್ಚಿನವರಿಗೆ ಹೆಸರಿರುತ್ತದೆಯೇ? ಬಸ್ಸಿನಲ್ಲಿ ಚಿಲ್ಲರೆ ತಪ್ಪಾಗಿ ಕೊಟ್ಟೆ. ಸ್ಟಾಪಿನಲ್ಲಿ ಸೀಟಿ ಊದುವುದನ್ನೇ ಮರೆತೆ.

“ಗಂಗಕ್ಕ, ಎಂ.ಎ. ಓದಿ ಕಂಡಕ್ಟರ್ ಆದೋರ್ನ ನೋಡಿದೀನಿ,” ಎಂದ ಡ್ರೈವರ್ ಹಾಲಪ್ಪ, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ. “ಕಂಡಕ್ಟರ್ ಆಗಿ ಎಂ.ಎ. ಓದೋಕೆ ಹೋಗಿ ತಲೆ ಕೆಡಿಸ್ಕೊಂಡೋಳು ನೀನೊಬ್ಳೇ. ಊದೆ ತಾಯಿ, ಹಿಂದೆ ಆಟೋದೋರು ಬೈತಾವ್ರೆ.”

ಲೋಬೋ ಸರ್ ಹತ್ತಿರ ಹೋದೆ. ಅವರು ಸ್ಟಾಫ್ ರೂಮಿನಲ್ಲಿ ಬನ್ನನ್ನು ಚಹಾಕ್ಕೆ ಅದ್ದಿ ತಿನ್ನುತ್ತಿದ್ದರು.

“ಎಂತ ಗಂಗಾ, ಮುಖ ಯಾಕೆ ಹಾಗೆ?”

ಹೇಳಿದೆ. ಬನ್ನು ಚಹಾದೊಳಗೆ ಬಿತ್ತು. ಅವರು ಅದನ್ನು ಚಮಚದಿಂದ ಚೂರುಚೂರಾಗಿ ತೆಗೆದರು.

“ಆ ಮನೆ ಬಿಟ್ಟುಬಿಡಿ ಮಾರಾಯ್ತಿ. ಪಕ್ಕದ ಮನೆ ತೆಗೆದುಕೊಳ್ಳಿ. ಬದಲಿ ಮನೆ ಅಂತ ಪುಸ್ತಕದಲ್ಲೇ ಉಂಟಲ್ಲ.”

“ಬಾಗಿಲು ಹಾಕಿದ್ದರೆ ಬದಲಿ ಸರ್. ಅಲ್ಲಿ ಬಾಗಿಲು ತೆರೆದಿತ್ತು. ಮಜ್ಜಿಗೆ ಬೇರೆ ಕುಡಿದಿದ್ದೇನೆ.”

“ಇದು ನಿಮಗೆ ಕಡೇ ಅವಕಾಶ. ಗೊತ್ತುಂಟಲ್ಲ?”

“ಗೊತ್ತು ಸರ್.”

“ಹಾಗಾದರೆ ನನ್ನನ್ನು ಯಾಕೆ ಕೇಳುತ್ತೀರಿ?” ಎಂದರು. ಸಿಟ್ಟಿನಿಂದಲ್ಲ. ಅವರಿಗೂ ಉತ್ತರ ತಿಳಿದಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ನನಗೆ ಅವಮಾನವಾಗಿ ಮೆಟ್ಟಿಲಿಳಿದು ಬಂದೆ.

ಮರುದಿನ ಶಿವನಂಜಮ್ಮನವರೇ ಬಸ್ ಸ್ಟ್ಯಾಂಡಿಗೆ ಬಂದರು. ಹಾಲಪ್ಪ ತಿಂಡಿಗೆ ಹೋಗಿದ್ದ. ಖಾಲಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂತು ಸೆರಗಿನಲ್ಲಿ ಬೆವರು ಒರೆಸಿಕೊಂಡರು.

“ಅವಳು ನಿನ್ನ ಹತ್ರ ಮಾತಾಡಿದ್ದು ಕಿಟಕೀಲಿ ನೋಡ್ದೆ. ಏನಂದ್ಲು?”

“ಹೆಸರು ಹೇಳಿದರು.”

ಶಿವನಂಜಮ್ಮ ಎದುರು ಸೀಟಿನ ಕಂಬಿ ಹಿಡಿದುಕೊಂಡರು. ಆಮೇಲೆ ಎಲ್ಲ ಹೇಳಿದರು. ಹೊನ್ನಮ್ಮ ಚನ್ನವೀರಪ್ಪನವರ ಅಣ್ಣನ ಹೆಂಡತಿ. ಆ ಅಣ್ಣ ಹೊರಗೂರಿನಲ್ಲಿ ಲಾರಿ ಓಡಿಸಿಕೊಂಡಿದ್ದು ಅಲ್ಲೇ ಮದುವೆಯಾಗಿದ್ದ. ಅವನು ಸತ್ತ ಮೇಲೆ ಹೊನ್ನಮ್ಮ ಒಂದು ಟ್ರಂಕು ಹಿಡಿದು ಬಂದಿಳಿದರು. ಊರಿನಲ್ಲಿ ಅವರನ್ನು ಕಂಡವರು ಯಾರೂ ಇರಲಿಲ್ಲ. ಅದೇ ವಾರ ಜನಗಣತಿಯವರು ಬಂದರು. ಆಗ ಮನೆಯಲ್ಲಿ ಅತ್ತೆ, ಚನ್ನವೀರಪ್ಪ, ಶಿವನಂಜಮ್ಮ, ಹೊನ್ನಮ್ಮ. ಎಣಿಕೆ ಐದು ಬರಬೇಕಿತ್ತು, ನಾಲ್ಕೇ ಬಂತು. ಬಂದಿದ್ದ ಗುಮಾಸ್ತ ರೂಢಿಯಂತೆ ಒಂದು ಕಳೆದು ಮೂರು ಎಂದು ಬರೆದುಕೊಂಡು, ಮೂರು ಹೆಸರು ಹೇಳಿ ಎಂದ.

“ನಮ್ಮತ್ತೆ ಮುಖ ಬಿಳುಚಿಕೊಂಡೋಯ್ತು. ಮೂರು ಹೆಸ್ರು ಹೇಳಿ ಸುಮ್ನಾದ್ರು. ಅವನು ಹೋದ್ಮೇಲೆ ಬಾಗ್ಲು ಹಾಕಿ, ಇವಳೇ ನಮ್ಮನೆ ಹೆಚ್ಚಿನವಳು, ಯಾರು ಕೇಳಿದ್ರೂ ಹಂಗೇ ಹೇಳ್ರಿ ಅಂದ್ರು. ಅವಳು ಕಾಲಿಟ್ಟ ಗಳಿಗೆಗೆ ಹೆಚ್ಚಿನವರು ಎದ್ದು ಹೋದ್ರೋ, ಅವಳೇ ಹೆಚ್ಚಿನವರಾಗಿ ಬಂದ್ಲೋ, ನಮಗೆ ಹೆಂಗ್ ಗೊತ್ತಾಗ್ಬೇಕು?”

“ಅವರು ಏನೂ ಹೇಳಲಿಲ್ಲವೇ?”

“ಎಲ್ಲಿಗ್ ಹೋಗ್ತಿದ್ಲು ಹೇಳು? ಉಣ್ಣೋಕೆ ಹೆಚ್ಚಿನವರ ತಟ್ಟೆ ಇತ್ತು. ಆಮೇಲೆ ರೇಷನ್ ಕಾರ್ಡ್ ಮೂರಕ್ಕೇ ಬಂತು. ಓಟಿನ ಪಟ್ಟೀನೂ ಹಂಗೇ. ಪಲ್ಲವಿ ಹುಟ್ಟಿದ್ಲು, ಅತ್ತೆ ಹೋದ್ರು. ಒಂದ್ಸಲ ಹೇಳಿದ್ದನ್ನ ತಿರುಗಿಸಿ ಹೇಳೋಕೆ ಬಾಯೇ ಬರ್ಲಿಲ್ಲ.” ಅವರ ದನಿ ಗಟ್ಟಿಯಾಯಿತು. “ನಾನೇನು ರಾಕ್ಷಸಿ ಅಲ್ಲ ಕಣಮ್ಮ. ನನಗೆ ಜ್ವರ ಬಂದ್ರೆ ತಲೆ ಒತ್ತೋಳು ಅವಳು, ಅವಳಿಗೆ ಬಂದ್ರೆ ನಾನು. ಈಗ ಎಣಿಕೆ ಶಾಸ್ತ್ರ ಒಂದು ಮುಗೀಲಿ. ಆಮೇಲೆ ಏನ್ ಬೇಕಾದ್ರೂ ಬರ್ಕೋ.”

“ಪರೀಕ್ಷೆ ಅದಕ್ಕೆ ಮುಂಚೆ ಇದೆ ಶಿವನಂಜಮ್ಮ.”

“ನಿನಗೊಂದು ಪರೀಕ್ಷೆ. ನನಗೆ ಒಬ್ಳೇ ಮಗಳು,” ಎಂದು ಎದ್ದು ಹೋದರು.

ಅವರು ಹೇಳಿದ್ದು ನ್ಯಾಯ ಎಂದೇ ಅನ್ನಿಸಿತು. ವರದಿಯಲ್ಲಿ ಮೂರು ಎಂದು ಮತ್ತೊಮ್ಮೆ ಬರೆದೆ, ಮತ್ತೆ ಅಳಿಸಿದೆ. ಕಾಗದ ಅಲ್ಲಿ ತೆಳುವಾಗಿ ಹೋಗಿತ್ತು.

ಆ ವಾರದಲ್ಲೇ ಒಂದು ಮಧ್ಯಾಹ್ನ ಗಿರಣಿ ಸ್ಟಾಪಿನಲ್ಲಿ ಹೊನ್ನಮ್ಮ ಬಸ್ಸು ಹತ್ತಿದರು. ಜರಿಯಂಚಿನ ಸೀರೆ ಉಟ್ಟು, ತಲೆ ಬಾಚಿ, ಎಲ್ಲಿಗೋ ಹೊರಟವರ ಹಾಗಿದ್ದರು.

“ಎಲ್ಲಿಗೆ ಹೊನ್ನಮ್ಮ?”

“ಕಡೇ ಸ್ಟಾಪಿಗೆ. ಒಂದು ಟಿಕೆಟ್ ಕೊಡು.”

“ಅಲ್ಲಿ ಯಾರಿದ್ದಾರೆ?”

“ಯಾರೂ ಇಲ್ಲ. ಹೋಗಿ ಬರ್ತೀನಿ. ಟಿಕೆಟ್ ತಗೊಂಡು ಬಸ್ಸಲ್ಲಿ ಕೂತು ಬಾಳ ವರ್ಷ ಆಯ್ತು.”

ಟಿಕೆಟ್ ಕೊಟ್ಟೆ. ಅದನ್ನು ಮಡಚದೆ ಅಂಗೈಯಲ್ಲಿ ಹಾಗೇ ಹಿಡಿದುಕೊಂಡು ಕಿಟಕಿಯ ಪಕ್ಕ ಕೂತರು. ಇಷ್ಟು ದಿನದ ಒದ್ದಾಟ ಒಂದು ಎಣಿಕೆಯಲ್ಲಿ ತೀರಿಹೋಗಬಹುದಿತ್ತು. ಹೊನ್ನಮ್ಮ ನಮ್ಮ ನಿಮ್ಮ ಹಾಗೆ ಮನುಷ್ಯರಾಗಿದ್ದರೆ ಟಿಕೆಟ್ಟಿಗಿಂತ ತಲೆ ಒಂದು ಹೆಚ್ಚು ಬರಬೇಕು, ಎಂದಿನಂತೆ. ಮುಂದಿನಿಂದ ಹಿಂದಕ್ಕೆ ಎಣಿಸಿದೆ. ಹಿಂದಿನಿಂದ ಮುಂದಕ್ಕೆ ಎಣಿಸಿದೆ. ತಲೆಯೂ ಟಿಕೆಟ್ಟೂ ಸಮ.

ನನ್ನ ಕೆಲಸದಲ್ಲಿ ಅಂಥದ್ದನ್ನು ನಾನು ಕಂಡಿದ್ದೇ ಇಲ್ಲ. ಕಂಬಿ ಹಿಡಿದು ನಿಂತೆ. ಹೊನ್ನಮ್ಮ ಹೋದ ಕಡೆಯಿಂದ ಹೆಚ್ಚಿನವರು ಎದ್ದು ಹೋಗುತ್ತಾರೆಯೇ? ಅಥವಾ ಹೊನ್ನಮ್ಮನೇ ಹೆಚ್ಚಿನವರಾಗಿದ್ದು, ಈಗ ಅವರ ಕೈಗೆ ಟಿಕೆಟ್ ಬಂದದ್ದರಿಂದ ಲೆಕ್ಕ ಸಮವಾಯಿತೇ? ಎರಡಕ್ಕೂ ಎಣಿಕೆ ಒಂದೇ ಬರುತ್ತದೆ.

ಕಡೇ ಸ್ಟಾಪಿನಲ್ಲಿ ಎಲ್ಲರೂ ಇಳಿದರು, ಹಾಲಪ್ಪ ಬೀಡಿ ಹಚ್ಚಲು ಹೋದ. ಹೊನ್ನಮ್ಮ ಇಳಿಯಲಿಲ್ಲ.

“ಎಣಿಸ್ದೆ ಅಲ್ವಾ?” ಎಂದರು.

ಹೌದೆಂದು ತಲೆಯಾಡಿಸಿದೆ.

“ಸಮ ಬಂತಾ?”

“ನಿಮಗೆ ಹೇಗೆ ಗೊತ್ತು?”

“ಮನೇಲಿ ನಾನೂ ಎಣಿಸಿ ನೋಡಿದೀನಿ ಕಣಮ್ಮ. ಬಾಳ ಸಲ. ಒಬ್ಳೇ ಇದ್ದಾಗ್ಲೂ ಎಣಿಸಿದೀನಿ. ಒಂದೇ.”

ಕೇಳಬಾರದ್ದನ್ನು ಕೇಳಿಬಿಟ್ಟೆ. “ನೀವು ಹೆಚ್ಚಿನವರೇ ಆಗಿದ್ದರೆ?”

“ಆಗಿದ್ರೆ ಏನೀಗ?” ಅವರಿಗೆ ಸಿಟ್ಟು ಬರಲಿಲ್ಲ. ಆ ಪ್ರಶ್ನೆಯನ್ನು ಬಳಸಿ ಬಳಸಿ ಸವೆಸಿದವರಂತಿದ್ದರು. “ಯಾವುದಾದ್ರೂ ಆಗಿರ್ಲಿ, ಅಕ್ಕಿ ಆರಿಸೋದು ನಾನೇ, ಮಂಡಿ ನೋಯೋದು ನನಗೇ. ಬರೀತೀಯೋ ಇಲ್ವೋ, ಅದ್ ಹೇಳು.”

“ಬರೆದರೆ ಪಲ್ಲವಿಗೆ ತೊಂದರೆ.”

“ಗೊತ್ತು. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಮೊನ್ನೆ ಮಜ್ಜಿಗೆ ತಂದಾಗ ನೀನು ತಲೆ ಎತ್ತಿ ‘ಇವರು?’ ಅಂದ್ಯಲ್ಲ. ಯಾರೂ ಕೇಳಿರ್ಲಿಲ್ಲಮ್ಮ. ಆವತ್ತಿಂದ ನನಗೆ ಸುಮ್ನಿರೋಕೆ ಆಗ್ತಿಲ್ಲ.”

ಮಾಹಿತಿ ಕೊಟ್ಟವರ ಹೆಸರು ಬದಲಿಸಿ ಬರೆಯುವುದು ನಮ್ಮ ಶಾಸ್ತ್ರದ ನಿಯಮ. ನನಗೆ ಅದೊಂದು ದಾರಿ ಕಂಡಿತು. ಬೇರೆ ಹೆಸರು ಹಾಕುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದೆ.

“ಬೇರೆ ಹೆಸ್ರು ಹಾಕಿದ್ರೆ ಅದು ನಾನಾ?” ಎಂದರು ಹೊನ್ನಮ್ಮ. ಅಷ್ಟರಲ್ಲಿ ಹಾಲಪ್ಪ ಬಂದು ಗಾಡಿ ಸ್ಟಾರ್ಟ್ ಮಾಡಿದ. ವಾಪಸ್ಸಿಗೆ ಇನ್ನೊಂದು ಟಿಕೆಟ್ ಕೊಂಡರು.

ನಾನು ಬರೆದೆ. ಎಲ್ಲ ಮನೆಗಳ ಎದುರಿಗೂ ಒಂದು ಕಳೆದೆ, ಗಿರಣಿ ಬೀದಿಯ ಆ ಒಂದು ಮನೆಗೆ ಮಾತ್ರ ಕಳೆಯಲಿಲ್ಲ. ಉಳಿದ ಮೂವರ ಹೆಸರನ್ನು ನಿಯಮದಂತೆ ಬದಲಿಸಿದೆ. ಹೊನ್ನಮ್ಮ ಎಂಬುದನ್ನು ಹೊನ್ನಮ್ಮ ಎಂದೇ ಇಟ್ಟೆ. ಸರಿ ಮಾಡಿದೆ ಎಂದು ಹೇಳಿಕೊಳ್ಳುತ್ತಿಲ್ಲ. ಒಪ್ಪಿಸಿ ಬಂದ ಮೇಲೆ ಕಾಲೇಜಿನ ಗೇಟಿನಿಂದ ಎರಡು ಸಲ ವಾಪಸ್ ಹೋಗಿ, ಸ್ಟಾಫ್ ರೂಮಿನ ಬಾಗಿಲವರೆಗೆ ಹೋಗಿ, ಮತ್ತೆ ಬಂದೆ.

ಪರೀಕ್ಷೆಯ ದಿನ ಎಲ್ಲರೂ ಒಂದೇ ಕೋಣೆಯಲ್ಲಿ ಕೂತಿದ್ದೆವು. ಒಬ್ಬೊಬ್ಬರೂ ಎದ್ದು ತಮ್ಮ ವರದಿ ಓದಬೇಕು. ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಹಣೆಗೇರಿಸಿ ನನ್ನ ಕೋಷ್ಟಕ ನೋಡಿದರು.

“ಈ ಒಂದು ಮನೆ ಮಾತ್ರ ಸರಿಯಾಗಿದೆ. ಉಳಿದ ಕಡೆಯೆಲ್ಲ ಬಂದ ಸಂಖ್ಯೆಯಲ್ಲಿ ಒಂದು ಕಳೆದಿದ್ದೀರಲ್ಲ, ಯಾಕೆ?”

“ಅದು ಸ್ಥಳೀಯ ತಿದ್ದುಪಡಿ ಸರ್,” ಎಂದರು ಲೋಬೋ ಸರ್, ಬೇಗಬೇಗ.

“ಹಾಗಾದರೆ ಇಲ್ಲಿ ಯಾಕೆ ತಿದ್ದಲಿಲ್ಲ?”

ಓದಿಕೊಂಡು ಬಂದಿದ್ದ ಉತ್ತರವೆಲ್ಲ ಮರೆತುಹೋಯಿತು. “ಇಲ್ಲಿ ಕಳೆದರೆ ಹೋಗುವವರಿಗೆ ಹೆಸರಿದೆ ಸರ್,” ಎಂದೆ.

ಹೆಸರೇನು ಎಂದು ಅವರು ಕೇಳಿದರು. ಹೇಳಿದೆ. ಡೆಸ್ಕು ಅಲ್ಲಾಡಿ ಪೆನ್ನುಗಳು ಉರುಳಿದವು. ರುದ್ರಮುನಿ ನನ್ನನ್ನೇ ನೋಡುತ್ತಿದ್ದರು. ಹೆಣ್ಣು ನೋಡಲು ಹೋದಾಗ ಗಿರಣಿ ಮನೆಯಲ್ಲಿ ಅವರೂ ಮಜ್ಜಿಗೆ ಕುಡಿದವರೇ. ಒಳಗೆ ಯಾರೋ ಯಾರನ್ನೋ ಆ ಹೆಸರಿನಿಂದ ಕರೆದದ್ದು ಅವರಿಗೆ ಕೇಳಿಸಿರಬೇಕು.

ಪರೀಕ್ಷಕರು ನನ್ನನ್ನು ಪಾಸು ಮಾಡಿದರು. ಅಂಕ ಹೆಚ್ಚು ಕೊಡಲಿಲ್ಲ. ಆ ಸಂತೋಷವನ್ನು ಅನುಭವಿಸಲು ನನಗೆ ಬಿಡುವಾಗಲಿಲ್ಲ. ರುದ್ರಮುನಿ ಸಂಜೆಯೇ ಅಕ್ಕನ ಮನೆಗೆ ಹೋಗಿದ್ದರು. ಎಣಿಕೆ ಶಾಸ್ತ್ರ ಬರುವ ಸೋಮವಾರವೇ ಆಗಬೇಕು, ಎಲ್ಲರ ಹೆಸರನ್ನೂ ಅವರವರ ಬಾಯಿಂದಲೇ ಹೇಳಿಸಿ ಎಣಿಸಬೇಕು ಎಂದು ಗಂಡಿನ ಕಡೆಯಿಂದ ಮಾತು ಬಂತು. ಶಿವನಂಜಮ್ಮ ಬಸ್ ಸ್ಟಾಪಿಗೆ ಬಂದು, ಹತ್ತದೆ, ಕೆಳಗೆ ನಿಂತೇ ಹೇಳಿದರು. “ಮಾಡಿದ್ದೀಯಲ್ಲ. ಸೋಮವಾರ ಬಾ. ನಿನ್ನ ಕಣ್ಣಿಂದ್ಲೇ ನೋಡು.”

ರಜೆ ಹಾಕಿ ಹೋದೆ. ಗಿರಣಿ ನಿಂತಿತ್ತು. ಹೊಸಿಲಾಚೆ ಗಂಡಿನ ಕಡೆಯವರು, ಅವರ ಹಿಂದೆ ನಾನು. ಎಣಿಸಲು ಬಂದಿದ್ದವರು ಗಂಡಿನ ಅಜ್ಜ ಬಸಲಿಂಗಪ್ಪ. ಕೈಯಲ್ಲಿ ಹಿತ್ತಾಳೆ ತಟ್ಟೆ, ಹೆಗಲ ಮೇಲೆ ಅಡಿಕೆಯ ಚೀಲ. ಒಳಗೆ ಚಾಪೆಯ ಮೇಲೆ ಚನ್ನವೀರಪ್ಪ, ಶಿವನಂಜಮ್ಮ, ಪಲ್ಲವಿ ಸಾಲಾಗಿ ಕೂತಿದ್ದರು. ಹೊನ್ನಮ್ಮ ಅಡುಗೆಮನೆಯ ಬಾಗಿಲಲ್ಲಿದ್ದರು. ಅವರು ಬಾಯಿ ಮುಚ್ಚಿಕೊಂಡು ಅಲ್ಲೇ ನಿಂತರೆ ಎಲ್ಲ ಸುಸೂತ್ರವಾಗುತ್ತಿತ್ತು. ಹೆಸರು ಮೂರು, ಎಣಿಕೆ ನಾಲ್ಕು. ನನ್ನ ವರದಿ ಯಾರೋ ಕಂಡಕ್ಟರಮ್ಮನ ತಪ್ಪು ಎಂದು ಹೋಗುತ್ತಿತ್ತು. ಅವರ ಮುಖ ನೋಡಿದರೆ ಅವರು ಹಾಗೆಯೇ ನಿರ್ಧರಿಸಿದ್ದರು ಎನ್ನಿಸಿತು. ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಬಿಗಿಹಿಡಿದಿದ್ದರು.

“ಹೆಸ್ರು ಹೇಳ್ರಪ್ಪ,” ಎಂದರು ಅಜ್ಜ.

ಚನ್ನವೀರಪ್ಪ ಹೇಳಿದರು. ಶಿವನಂಜಮ್ಮ ಹೇಳಿದರು. ಪಲ್ಲವಿ ಹೇಳಲಿಲ್ಲ. ಎದ್ದು ಹೋಗಿ ಹೊನ್ನಮ್ಮನವರ ಮುಂಗೈ ಹಿಡಿದಳು.

“ದೊಡ್ಡಮ್ಮ, ಬಾ ಕೂತ್ಕೋ.”

“ಪಲ್ಲವೀ!” ಎಂದರು ಶಿವನಂಜಮ್ಮ.

“ಸುಮ್ನಿರವ್ವ. ಇವತ್ತು ಇವಳ್ನ ನಿಲ್ಸಿ ನಾನು ಕೂತ್ರೆ, ನಾಳೆ ಆ ಮನೇಲಿ ಯಾರಿಗಾದ್ರೂ ನಾನು ಹೆಚ್ಚಾದ್ರೆ ನನ್ನನ್ನೂ ಬಾಗಿಲಲ್ಲೇ ನಿಲ್ಲಿಸ್ತಾರೆ.”

ಹೊನ್ನಮ್ಮ ಬರಲಾರೆ ಎಂದು ಕೈ ಬಿಡಿಸಿಕೊಳ್ಳಲು ನೋಡಿದರು. ಅವಳು ಬಿಡಲಿಲ್ಲ. ಕೊನೆಗೆ ಶಿವನಂಜಮ್ಮನೇ ಚಾಪೆಯ ಮೇಲೆ ಸ್ವಲ್ಪ ಆ ಕಡೆ ಸರಿದು ಜಾಗ ಮಾಡಿದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಮಗಳ ಮದುವೆ ಮುರಿಯಿತು ಎಂದುಕೊಂಡೇ ಅವರು ಜಾಗ ಬಿಟ್ಟದ್ದು. ಹೊನ್ನಮ್ಮ ಕೂತರು.

“ನಿಮ್ ಹೆಸ್ರು ತಾಯಿ?”

“ಹೊನ್ನಮ್ಮ.” ಮತ್ತೆ ಹೇಳಿದರು. “ಹೊನ್ನಮ್ಮ. ಈ ಮನೆ ದೊಡ್ಡ ಸೊಸೆ.”

ಪಲ್ಲವಿ ತನ್ನ ಹೆಸರು ಹೇಳಿದಳು. ನಾವೆಲ್ಲ ನೆಲ ನೋಡಿದೆವು. ಅಡಿಕೆ ತಟ್ಟೆಗೆ ಬೀಳುವ ಸದ್ದು ಕೇಳಿಸಿತು. ಒಂದು. ಇನ್ನೊಂದು. ಮತ್ತೊಂದು. ನಾಲ್ಕನೆಯದು. ಆಮೇಲೆ ಸದ್ದು ನಿಂತಿತು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ನನ್ನ ಮುಂದೆ ನಿಂತಿದ್ದ ರುದ್ರಮುನಿಯ ಕತ್ತಿನ ಮೇಲೆ ಬೆವರು ಮೂಡಿದ್ದು ಕಾಣುತ್ತಿತ್ತು. ಆಗ ಐದನೆಯ ಅಡಿಕೆ ಬಿತ್ತು.

“ಹೆಸ್ರು ನಾಲ್ಕು, ಎಣಿಕೆ ಐದು,” ಎಂದರು ಬಸಲಿಂಗಪ್ಪಜ್ಜ.

“ಅಜ್ಜ, ಇನ್ನೊಂದ್ಸಲ ಎಣಿಸಿದ್ರೆ...” ಎಂದರು ರುದ್ರಮುನಿ.

“ನಿನ್ನ ಅಕ್ಕನ ಮದುವೇಲೂ ನಾನೇ ಕಣೋ ಎಣಿಸಿದ್ದು. ನೀನು ಮೊನ್ನೆ ಎಂ.ಎ. ಮಾಡ್ದೋನು. ತಾಂಬೂಲ ತಗೊಂಬನ್ನಿ, ಕಾಲು ನೋಯ್ತಾವೆ.”

ಯಾರೋ ನಕ್ಕರು. ಎಲ್ಲರೂ ಹೊಸಿಲು ದಾಟಿ ಒಳಗೆ ನುಗ್ಗಿದರು. ಜನ ಸೇರಿದ ಮೇಲೆ ಇನ್ನು ಆ ಎಣಿಕೆಯನ್ನು ಪರೀಕ್ಷಿಸುವುದು ಸಾಧ್ಯವಿರಲಿಲ್ಲ. ಪಲ್ಲವಿಯ ಮದುವೆ ಆಯಿತು. ಹೊನ್ನಮ್ಮನವರ ಹೆಸರನ್ನು ರೇಷನ್ ಕಾರ್ಡಿಗೆ ಸೇರಿಸಲು ಶಿವನಂಜಮ್ಮನೇ ಅವರ ಜೊತೆ ತಾಲ್ಲೂಕು ಕಚೇರಿಗೆ ಹೋದರಂತೆ. ಕೌಂಟರಿನಲ್ಲಿದ್ದವರು ರುದ್ರಮುನಿ. ತುಟಿ ಬಿಚ್ಚದೆ ಬರೆದುಕೊಂಡರಂತೆ. ಶಿವನಂಜಮ್ಮ ನನ್ನ ಜೊತೆ ಈಗಲೂ ಮಾತಾಡುವುದಿಲ್ಲ.

ಹೊನ್ನಮ್ಮ ಯಾರು ಎಂಬುದು ನನಗೆ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿಲ್ಲ. ಹೆಸರು ಹೇಳಿ ಸಾಲಿನಲ್ಲಿ ಕೂತ ಮೇಲೆ ಆ ಮನೆಗೆ ಹೆಚ್ಚಿನವರು ತಿರುಗಿ ಬಂದರೇ, ಅಥವಾ ನಾಲ್ಕನೆಯ ಅಡಿಕೆಯ ಮೇಲೆ ಅಜ್ಜ ಆ ನಾಲ್ವರ ಮುಖ ನೋಡಿ, ಇರಲಿ ಎಂದು ಐದನೆಯದನ್ನು ತಾವೇ ಹಾಕಿದರೇ, ಅದೂ ಗೊತ್ತಿಲ್ಲ. ಅಜ್ಜ ಮರುವರ್ಷ ತೀರಿಕೊಂಡರು. ಕೇಳುವ ಧೈರ್ಯ ನನಗೆ ಆಗಲಿಲ್ಲ. ನಾನು ಹೊಸಿಲಿನ ಹತ್ತಿರವೇ ನಿಂತಿದ್ದೆ, ತಲೆ ಎತ್ತಿದ್ದರೆ ಒಂದು ಕ್ಷಣದಲ್ಲಿ ಎಣಿಸಿಬಿಡಬಹುದಿತ್ತು, ಅದು ನನ್ನ ಕೆಲಸ. ನಾನು ಎಣಿಸಲಿಲ್ಲ. ಯಾಕೆ ಎಣಿಸಲಿಲ್ಲ ಎಂಬುದೂ ನನಗೆ ಸರಿಯಾಗಿ ತಿಳಿಯದು.